18 ಮಕ್ಕಳು, ಒಂದು ಐರಿಷ್ ಮಟ್ಟು

(ಮಹಿಳಾ ವೇದಿಕೆಯ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)



ಅರಸಿನ ಕುಂಕುಮದ ದಿನ ಉಪನ್ಯಾಸ ಅಂದರೆ ಸಾಮಾನ್ಯವಾಗಿ ಡಾಕ್ಟರರು ಬರುತ್ತಾರೆ. ಮಂಡಿನೋವು, ಸಕ್ಕರೆ ಕಾಯಿಲೆ ಇಂಥದ್ದರ ಬಗ್ಗೆ ಹೇಳುತ್ತಾರೆ. ಈ ಸಲ ನನ್ನನ್ನು ಕರೆದಿದ್ದೀರಿ. ನಾನು ಹೇಳುವುದರಿಂದ ಯಾರ ಮಂಡಿನೋವೂ ಕಡಿಮೆಯಾಗುವುದಿಲ್ಲ. ನಮ್ಮ ಭಾನುವಾರದ ಬ್ಯಾಂಡಿನ ಮಕ್ಕಳಿಗೆ ಐರ್ಲೆಂಡಿನ ಒಂದು ಹಳೆಯ ಹಾರ್ಪ್ ಮಟ್ಟನ್ನು ಹೇಗೆ ಹೊಂದಿಸಿ ಬರೆದೆ, ಅದರಲ್ಲಿ ಎಲ್ಲಿ ಎಡವಿದೆ ಎಂಬುದನ್ನು ಹೇಳುತ್ತೇನೆ. ಮಾತು ಮುಗಿದ ಮೇಲೆ ಮಕ್ಕಳು ಅದನ್ನು ನುಡಿಸುತ್ತಾರೆ.

ನನ್ನನ್ನು ತಿಳಿಯದವರಿಗಾಗಿ ಎರಡು ಮಾತು. ನಾನು ಹುಟ್ಟಿದ್ದು ಮಂಗಳೂರಿನ ಕಡೆ. ಮದುವೆಯಾಗಿ ಮುಂಬಯಿಗೆ ಬಂದೆ. ಉಪನಗರದ ಒಂದು ಶಾಲೆಯಲ್ಲಿ 26 ವರ್ಷ ಸಂಗೀತ ಕಲಿಸಿದೆ. ಅಲ್ಲೊಂದು ಬ್ಯಾಂಡ್ ಇತ್ತು. ನಾನು ನಿವೃತ್ತಳಾಗುವ ಹೊತ್ತಿಗೆ ಅದನ್ನು ನಿಲ್ಲಿಸಿದರು, ವಾದ್ಯಗಳನ್ನು ರದ್ದಿಗೆ ಹಾಕುವುದೆಂದು ತೀರ್ಮಾನವಾಯಿತು. ನಾನು ಕೇಳಿಕೊಂಡು ಅವುಗಳನ್ನು ಎರಡು ಆಟೋದಲ್ಲಿ ಸಾಂತಾಕ್ರೂಜ್‌ಗೆ ತಂದೆ. ಕೆಲವು ರಿಪೇರಿಯಾದವು, ಕೆಲವು ಆಗಲೇ ಇಲ್ಲ. ಭಾನುವಾರ ಬೆಳಿಗ್ಗೆ 9ರಿಂದ 11ರವರೆಗೆ ನಮ್ಮ ಬಿಲ್ಡಿಂಗಿನ ಹಾಲ್‌ನಲ್ಲಿ ಕ್ಲಾಸು. ವಾಕೋಲಾ, ಕಲೀನಾ, ಪ್ರಭಾತ್ ಕಾಲೊನಿ ಕಡೆಯಿಂದ ಮಕ್ಕಳು ಬರುತ್ತಾರೆ. ನಡುನಡುವೆ ವಿಮಾನ ಹೋಗುತ್ತದೆ, ಆಗ ನಿಲ್ಲಿಸುತ್ತೇವೆ. ಈ ಮಕ್ಕಳಷ್ಟು ಚೆನ್ನಾಗಿ ಸಂಗೀತದ ಮಧ್ಯೆ ಮೌನ ಎಣಿಸುವವರು ಬೇರೆಲ್ಲೂ ಸಿಗಲಿಕ್ಕಿಲ್ಲ!

ಊದುವ ವಾದ್ಯ ಅಂದರೆ ನಮ್ಮ ಕರಾವಳಿಯವರಿಗೆ ಹೊಸತಲ್ಲ. ಸಜೀಪಮೂಡದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಅದರಲ್ಲೇ ಕರ್ನಾಟಕ ಸಂಗೀತ ನುಡಿಸಬೇಕೆಂದು ಹಟ ಹಿಡಿದವರು. ಅವರ ತಂದೆ ನಾಗಸ್ವರದವರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ಅವರು ನುಡಿಸಿದಾಗ ನಮ್ಮೂರಲ್ಲಿ ಆದ ಸಂಭ್ರಮ ನನಗೆ ನೆನಪಿದೆ. ನನ್ನ ಕ್ಲಾಸಿಗೆ ಬರುವ ತಾಯಂದಿರಲ್ಲಿ ಅರ್ಧ ಜನ ಮೊದಲ ದಿನ ಕೇಳುವುದು, "ಟೀಚರ್, ನಮ್ಮವನಿಗೆ ಸ್ಯಾಕ್ಸೊಫೋನ್ ಸಿಗುತ್ತದಾ?" ಅಂತ. ಇರುವುದು ಒಂದೇ ಒಂದು.

ಹೋದ ವರ್ಷ ಲೆಕ್ಕ ಹಾಕಿದಾಗ ಕಂಡದ್ದು ಹೀಗೆ. ಕೊಳಲು, ಅಂದರೆ ಪಾಶ್ಚಾತ್ಯ ಫ್ಲೂಟ್, ಎರಡು. ಕ್ಲಾರಿನೆಟ್ ನಾಲ್ಕು, ಅದರಲ್ಲಿ ಒಂದರ ಕೀ ರಬ್ಬರ್‌ಬ್ಯಾಂಡಿನಲ್ಲಿ ನಿಂತಿದೆ. ಆಲ್ಟೊ ಸ್ಯಾಕ್ಸೊಫೋನ್ ಒಂದು, ಟ್ರಂಪೆಟ್ ಎರಡು, ಟ್ರಂಬೋನ್ ಒಂದು. ಪ್ಲಾಸ್ಟಿಕ್ ರೆಕಾರ್ಡರ್ ಐದು. ಬಾಯಲ್ಲಿ ಊದಿ ಬೆರಳಲ್ಲಿ ಒತ್ತುವ ಮೆಲೊಡಿಕಾ ಒಂದು. ಡ್ರಮ್ಮಿನವರು ಇಬ್ಬರು. ಒಟ್ಟು 18 ಮಕ್ಕಳು. ವಯಸ್ಸು 9ರಿಂದ 15.

ಈ ಪಟ್ಟಿಗೆ ಸರಿಹೊಂದುವ ಸಂಗೀತ ಅಂಗಡಿಯಲ್ಲಿ ಸಿಗುವುದಿಲ್ಲ. ಧೋಬಿ ತಲಾವ್‌ನ ಫುರ್ಟಾಡೋಸ್‌ನಂಥ ಕಡೆ ಪುಸ್ತಕ ಇದೆ. ಆದರೆ ಅದರಲ್ಲಿ ಪೂರ್ತಿ ಬ್ಯಾಂಡ್ ಬೇಕು: ಇಷ್ಟು ಕ್ಲಾರಿನೆಟ್, ಇಷ್ಟು ಹಾರ್ನ್, ಒಂದು ಟ್ಯೂಬಾ. ನಮ್ಮಲ್ಲಿ ಟ್ಯೂಬಾ ಇಲ್ಲ, ಇದ್ದರೂ ಅದನ್ನು ಲೋಕಲ್ ಟ್ರೈನಿನಲ್ಲಿ ತರುವವರು ಯಾರು? ಇಂಥ ಬ್ಯಾಂಡುಗಳಿಗಾಗಿಯೇ ಹೊರದೇಶಗಳಲ್ಲಿ ಒಂದು ಪದ್ಧತಿ ಇದೆ. ಫ್ಲೆಕ್ಸಿಬಲ್ ಬ್ಯಾಂಡ್ ಅನ್ನುತ್ತಾರೆ, ಚಿಕ್ಕದಾಗಿ ಫ್ಲೆಕ್ಸ್. ಕೊರೋನಾ ಕಾಲದಲ್ಲಿ ಅರ್ಧ ಮಕ್ಕಳು ಶಾಲೆಗೆ ಬಾರದಿದ್ದಾಗ ಅದರ ಬಳಕೆ ಬಹಳ ಹೆಚ್ಚಿತು. ಇದರಲ್ಲಿ ಸಂಗೀತವನ್ನು ವಾದ್ಯಕ್ಕೆ ಬರೆಯುವುದಿಲ್ಲ, ಎಳೆಗೆ ಬರೆಯುತ್ತಾರೆ. ನಾಲ್ಕೋ ಐದೋ ಎಳೆ. ಒಂದನೆಯದು ಮಟ್ಟು. ಎರಡನೆಯದು ಅದರ ಜೊತೆಗಾರ. ಮೂರನೆಯದು ನಡುವಿನ ಸ್ವರ ಹಿಡಿಯುವುದು. ಕೊನೆಯದು ಕೆಳಗಿನ ಆಧಾರ. ಒಂದೊಂದು ಎಳೆಗೂ ಬೇರೆ ಬೇರೆ ವಾದ್ಯದವರು ಓದುವ ಹಾಗೆ ಹಾಳೆ ಮಾಡಿಟ್ಟಿರುತ್ತಾರೆ. ಪ್ರತಿ ಎಳೆಗೆ ಒಬ್ಬರಾದರೂ ಇದ್ದರೆ ಹಾಡು ಪೂರ್ತಿಯಾಗುತ್ತದೆ. ಅದು ಯಾರು ಎಂಬುದು ಮುಖ್ಯವಲ್ಲ.

ಈ ಕೊನೆಯ ವಾಕ್ಯವನ್ನು ನೆನಪಿನಲ್ಲಿಡಿ. ನಾನು ಅದನ್ನು ತುಂಬ ಮೆಚ್ಚಿದ್ದೆ. "ಹದಿನೈದು ಜನಕ್ಕೆಂದು ಸಾರು ಮಾಡಿದಾಗ ಇಪ್ಪತ್ತು ಜನ ಬಂದರೂ ಸುಧಾರಿಸುತ್ತೇವಲ್ಲ, ಹಾಗೆ" ಎಂದು ತಾಯಂದಿರಿಗೆ ವಿವರಿಸುತ್ತಿದ್ದೆ. ಆ ಹೋಲಿಕೆ ತಪ್ಪು ಎಂದು ಆಮೇಲೆ ಒಬ್ಬ ಹುಡುಗಿ ನನಗೆ ತೋರಿಸಿಕೊಟ್ಟಳು. ಅಲ್ಲಿಗೆ ಬರುತ್ತೇನೆ.

ಇನ್ನು ಐರಿಷ್ ಮಟ್ಟು ಯಾಕೆ? ಮೊದಲ ಕಾರಣ ದುಡ್ಡು. ಈಗಿನ ಹಾಡು ತೆಗೆದುಕೊಂಡರೆ ಹಕ್ಕಿನ ಪ್ರಶ್ನೆ ಬರುತ್ತದೆ. 300 ವರ್ಷ ಹಳೆಯ ಮಟ್ಟಿಗೆ ಯಾರ ಅನುಮತಿಯೂ ಬೇಡ. ಆದರೆ ಅದನ್ನು ಇವತ್ತು ಯಾರೋ ಹೊಂದಿಸಿ ಅಚ್ಚು ಹಾಕಿದ ಪುಸ್ತಕವನ್ನು ಝೆರಾಕ್ಸ್ ಮಾಡುವ ಹಾಗಿಲ್ಲ, ಅದರ ಹಕ್ಕು ಬರೆದವರದ್ದು. ಹಾಗಾಗಿ ನಾನೇ ಬರೆಯಬೇಕಾಯಿತು. ಎರಡನೆಯ ಕಾರಣ, ಆ ಮಟ್ಟು ಕೇಳಿದ ಕೂಡಲೇ ನನಗೆ ಇಷ್ಟವಾಯಿತು.

ಅದರ ಹೆಸರು "ಶೀ ವೆಗ್, ಶೀ ವೋರ್". ಐರಿಷ್ ಭಾಷೆಯಲ್ಲಿ ಯಕ್ಷಿಣಿಯರು ವಾಸಿಸುವ ಚಿಕ್ಕ ಗುಡ್ಡ, ದೊಡ್ಡ ಗುಡ್ಡ ಎಂದರ್ಥ. ಎರಡು ಗುಡ್ಡದವರಿಗೆ ಜಗಳವಂತೆ. ನಮ್ಮೂರಿನ ಬನ, ಗುಡ್ಡಗಳ ಕಥೆ ಕೇಳಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಕ್ಕಳಂತೂ ಐರಿಷ್ ಹೆಸರನ್ನು ಬಿಟ್ಟು "ಚಿಕ್ಕ ಗುಡ್ಡ" ಎಂದೇ ಕರೆಯುತ್ತಾರೆ.

ಇದನ್ನು ಕಟ್ಟಿದವನು ಟರ್ಲೊ ಓ'ಕ್ಯಾರೊಲನ್. ಹುಟ್ಟಿದ್ದು 1670ರಲ್ಲಿ. 18ನೇ ವಯಸ್ಸಿನಲ್ಲಿ ಸಿಡುಬಿನಿಂದ ಎರಡೂ ಕಣ್ಣು ಹೋದವು. ಅವನ ಕುಟುಂಬಕ್ಕೆ ಆಶ್ರಯ ಕೊಟ್ಟಿದ್ದ ಮನೆಯ ಒಡತಿ ಮೇರಿ ಮ್ಯಾಕ್‌ಡರ್ಮಟ್ ರೋ ಎಂಬವಳು ಅವನಿಗೆ ಹಾರ್ಪ್ ಕಲಿಸಲು ಏರ್ಪಾಡು ಮಾಡಿದಳು. ಕಲಿತ ಮೇಲೆ ಅವನಿಗೆ ಒಂದು ಹಾರ್ಪ್, ಒಂದು ಕುದುರೆ, ದಾರಿ ತೋರಿಸಲು ಒಬ್ಬ ಆಳು, ಸ್ವಲ್ಪ ಹಣ ಕೊಟ್ಟು ಕಳಿಸಿದಳು. ನನಗೆ ಈ ಹೆಂಗಸಿನ ಮೇಲೆ ಬಹಳ ಗೌರವ. "ಅಯ್ಯೋ ಪಾಪ" ಅಂದು ಊಟ ಹಾಕಿ ಕೂರಿಸಿದ್ದರೂ ಜನ ಅವಳನ್ನು ಹೊಗಳುತ್ತಿದ್ದರು. ಅವಳು ಕುದುರೆ ಕೊಟ್ಟಳು.

ಅವನು ಮೊದಲು ಹೋದ ಒಂದು ಮನೆಯ ಯಜಮಾನ ವಾದನ ಕೇಳಿ, ನಿನ್ನ ಬೆರಳು ಅಷ್ಟಕ್ಕಷ್ಟೇ, ಸ್ವಂತ ಮಟ್ಟು ಕಟ್ಟಿ ನೋಡು ಎಂಬರ್ಥದಲ್ಲಿ ಹೇಳಿದನಂತೆ. ಆಗ ಎರಡು ಗುಡ್ಡಗಳ ಕಥೆ ಇಟ್ಟುಕೊಂಡು ಕಟ್ಟಿದ ಮೊದಲ ಮಟ್ಟೇ ಇದು ಎಂದು ಹೇಳುತ್ತಾರೆ. ಮುಂದೆ ಸುಮಾರು 50 ವರ್ಷ ಊರೂರು ತಿರುಗಿ ನುಡಿಸಿದ. ಅವನದ್ದೆಂದು ಹೇಳುವ ಮಟ್ಟುಗಳನ್ನು ಡೋನಲ್ ಓ'ಸಲಿವನ್ ಎಂಬ ವಿದ್ವಾಂಸರು 1958ರಲ್ಲಿ ಒಟ್ಟುಮಾಡಿದಾಗ 213 ಆದವು. ಕೊನೆಗಾಲದಲ್ಲಿ ಓ'ಕ್ಯಾರೊಲನ್ ಅದೇ ಮೇರಿಯ ಮನೆಗೆ ಬಂದು, ಅಲ್ಲೇ 1738ರಲ್ಲಿ ತೀರಿಕೊಂಡ.

ಅವನ ಮಟ್ಟುಗಳು ನಮಗೆ ಸಿಗುವುದು ಹೆಚ್ಚಾಗಿ ಒಂದೇ ಸಾಲಾಗಿ. ಎಡಗೈ, ಬಲಗೈ ಸೇರಿ ಅವನು ಏನೇನು ನುಡಿಸುತ್ತಿದ್ದನೆಂದು ಯಾರೂ ಬರೆದಿಡಲಿಲ್ಲ. ಅವನು ಸತ್ತು 54 ವರ್ಷವಾದ ಮೇಲೆ, 1792ರ ಜುಲೈಯಲ್ಲಿ, ಬೆಲ್‌ಫಾಸ್ಟ್ ನಗರದಲ್ಲಿ ಅಳಿದುಳಿದ ಹಾರ್ಪ್‌ಗಾರರನ್ನು ಸೇರಿಸಿದರು. ಐರ್ಲೆಂಡಿನಿಂದ ಬಂದವರು ಹತ್ತು ಜನ. ಬಹುಪಾಲು ಮುದುಕರು, ಕುರುಡರು. ಅವರಲ್ಲಿ ಒಬ್ಬಳೇ ಹೆಂಗಸು, ರೋಸ್ ಮೂನಿ, ಅವಳೂ ಕುರುಡಿ. ಡೆನಿಸ್ ಹೆಂಪ್ಸನ್ ಎಂಬ ಹಣ್ಣುಹಣ್ಣು ಮುದುಕ ಮಾತ್ರ ಹಳೆಯ ಕ್ರಮದಲ್ಲಿ, ಉದ್ದ ಉಗುರಿನಿಂದ ಹಿತ್ತಾಳೆ ತಂತಿ ಮೀಟುತ್ತಿದ್ದ. ಇದನ್ನೆಲ್ಲ ಕೇಳಿ ಬರೆದುಕೊಳ್ಳಲು ನೇಮಿಸಿದ್ದು ಎಡ್ವರ್ಡ್ ಬಂಟಿಂಗ್ ಎಂಬ 19 ವರ್ಷದ ಹುಡುಗನನ್ನು. ಅವನು ಚರ್ಚಿನಲ್ಲಿ ಆರ್ಗನ್ ನುಡಿಸುವವನು. 1796ರಲ್ಲಿ ಅವನ ಮೊದಲ ಪುಸ್ತಕ ಬಂತು. ಅವನು ಬರೆಯದಿದ್ದರೆ ಎಷ್ಟೋ ಮಟ್ಟುಗಳು ಆ ಮುದುಕರ ಜೊತೆಗೇ ಹೋಗುತ್ತಿದ್ದವು. ಆದರೆ ಅಚ್ಚು ಹಾಕುವಾಗ ಅವನು ಅವುಗಳನ್ನು ಪಿಯಾನೊಗೆ ಹೊಂದಿಸಿದ. ಕೆಳಗೆ ತನ್ನದೇ ಸ್ವರಗಳನ್ನು ತುಂಬಿಸಿದ. ಆಗ ಅನುಕೂಲಸ್ಥರ ಮನೆಗಳಲ್ಲಿ ಪಿಯಾನೊ ಇತ್ತು, ಪುಸ್ತಕ ಮಾರಾಟವಾಗಬೇಕಿತ್ತು. ವಿದ್ವಾಂಸರು ಇವತ್ತಿಗೂ ಅವನನ್ನು ಅದಕ್ಕಾಗಿ ಬೈಯುತ್ತಾರೆ. ನಾನು ಬೈಯುವುದಿಲ್ಲ. ಯಾಕೆಂದರೆ ನನ್ನ ಮೊದಲ ಪ್ರಯತ್ನದಲ್ಲಿ ನಾನು ಮಾಡಿದ್ದೂ ಅದನ್ನೇ.

ಮೊದಲು ಶ್ರುತಿಯ ವಿಷಯ. ಈ ಮಟ್ಟನ್ನು ಸಾಮಾನ್ಯವಾಗಿ ಡಿ ಮೇಜರ್‌ನಲ್ಲಿ ನುಡಿಸುತ್ತಾರೆ. ಅಂದರೆ ಹಾರ್ಮೋನಿಯಂನ ಬಿಳಿ ಎರಡು ಷಡ್ಜ, ಸ್ವರಗಳು ನಮ್ಮ ಶಂಕರಾಭರಣದವು. ರಾಗ ಅದೇ ಎಂದು ನಾನು ಹೇಳುತ್ತಿಲ್ಲ, ಸ್ವರಸ್ಥಾನ ಮಾತ್ರ. ತಾಳ ಮೂರು ಎಣಿಕೆ. ಬ್ಯಾಂಡಿನಲ್ಲಿ ತೊಂದರೆ ಏನೆಂದರೆ, ಒಂದೊಂದು ವಾದ್ಯಕ್ಕೂ ಒಂದೊಂದು ಹುಟ್ಟು ಶ್ರುತಿ. ಕ್ಲಾರಿನೆಟ್ ಹುಡುಗ ತನ್ನ ಹಾಳೆಯಲ್ಲಿ ಸಿ ಎಂದು ಓದಿ ಊದಿದರೆ ಹೊರಗೆ ಕೇಳಿಸುವುದು ಬಿ ಫ್ಲ್ಯಾಟ್. ಟ್ರಂಪೆಟ್ಟೂ ಹಾಗೆಯೇ. ಆಲ್ಟೊ ಸ್ಯಾಕ್ಸೊಫೋನಿನವನು ಅದೇ ಸಿ ಊದಿದರೆ ಕೇಳಿಸುವುದು ಇ ಫ್ಲ್ಯಾಟ್. ರೆಕಾರ್ಡರ್, ಕೊಳಲು, ಟ್ರಂಬೋನ್, ಮೆಲೊಡಿಕಾದವರಿಗೆ ಸಿ ಅಂದರೆ ಸಿ. ಹಾಗಾಗಿ ಒಂದೇ ಸಾಲನ್ನು ಮೂರು ಥರ ಬರೆಯಬೇಕು.

ಬ್ಯಾಂಡಿನವರು ಇಷ್ಟಪಡುವುದು ಬಿ ಫ್ಲ್ಯಾಟ್ ಮೇಜರ್, ಹಾರ್ಮೋನಿಯಂನ ಕಪ್ಪು ಐದು. ಕ್ಲಾರಿನೆಟ್, ಟ್ರಂಪೆಟ್‌ಗಳಿಗೆ ಅದು ಅತ್ಯಂತ ಸುಲಭ. ನಾನೂ ಮೊದಲು ಅದರಲ್ಲೇ ಬರೆದೆ. ರೆಕಾರ್ಡರ್ ಮಕ್ಕಳು ಒದ್ದಾಡಿದರು. ಆ ಶ್ರುತಿಯಲ್ಲಿ ಅವರಿಗೆ ಎರಡು ಸ್ವರಗಳು ಬೆರಳು ತಿರುಚುವಂಥವು. ಒಂದು ತೂತು ಬಿಟ್ಟು ಇನ್ನೊಂದು ಮುಚ್ಚಬೇಕು, ಚಿಕ್ಕ ಕೈಗೆ ಆಗುವುದಿಲ್ಲ. ಆಮೇಲೆ ಎಫ್ ಮೇಜರ್‌ಗೆ ಬದಲಾಯಿಸಿದೆ, ಬಿಳಿ ನಾಲ್ಕು. ಈಗ ರೆಕಾರ್ಡರಿನವರಿಗೆ ಒಂದೇ ಕಷ್ಟದ ಸ್ವರ. ಕ್ಲಾರಿನೆಟ್ಟಿನವರಿಗೆ ಒಂದು ಶಾರ್ಪ್, ಸ್ಯಾಕ್ಸೊಫೋನಿನವನಿಗೆ ಎರಡು. ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಷ್ಟ, ಯಾರಿಗೂ ಪೂರ್ತಿ ಕಷ್ಟವಿಲ್ಲ. ಮಟ್ಟಿನ ಎರಡನೆಯ ಭಾಗ ಮೇಲಕ್ಕೆ ಏರುತ್ತದೆ. ಅದು ಟ್ರಂಪೆಟ್ ಹುಡುಗರ ತುಟಿಗೆ ಎಟುಕುವುದಿಲ್ಲ, ಅವರಿಗೆ ಒಂದು ಸ್ಥಾಯಿ ಕೆಳಗೆ ಇಟ್ಟು, ಮೇಲಿನದನ್ನು ಕೊಳಲಿನವರಿಗೆ ಬಿಟ್ಟೆ.

ಇದೆಲ್ಲ ಲೆಕ್ಕಾಚಾರ, ಕುಳಿತು ಮಾಡಿದರೆ ಆಗುತ್ತದೆ. ಸೋತದ್ದು ಬೇರೆ ಕಡೆ.

ನಾನು ಮಟ್ಟಿನ ಕೆಳಗೆ ಪುಸ್ತಕದಲ್ಲಿ ಕಲಿತ ಹಾಗೆ ಪ್ರತಿ ಎಣಿಕೆಗೂ ಮೂರು ಸ್ವರ, ನಾಲ್ಕು ಸ್ವರ ಒಟ್ಟಿಗೆ ಇಟ್ಟಿದ್ದೆ. ಕಾಗದದ ಮೇಲೆ ಬಹಳ ಚಂದ. ಮಕ್ಕಳು ಊದಿದಾಗ ಹಾರ್ಪ್ ಎಲ್ಲಿ ಹೋಯಿತೋ! ಮಟ್ಟು ಬೂಟು ಹಾಕಿಕೊಂಡು ನಡೆಯತೊಡಗಿತು. ಗಣಪತಿ ವಿಸರ್ಜನೆಗೆ ಹೊರಟ ಹಾಗಾಯಿತು. ಡ್ರಮ್ಮಿನವರಿಬ್ಬರಿಗೆ ಮಾತ್ರ ಬಹಳ ಖುಷಿ.

ಮಕ್ಕಳು ಹಾರ್ಪ್ ನೋಡಿಯೇ ಇರಲಿಲ್ಲ. ಮುಂದಿನ ಭಾನುವಾರ ನಾನು ಮನೆಯಿಂದ ತಂಬೂರಿ ತಂದೆ. ಒಂದು ತಂತಿ ಮೀಟಿ, "ಇದು ಯಾವಾಗ ನಿಲ್ಲುತ್ತದೋ ಆಗ ಕೈ ಎತ್ತಿ" ಅಂದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಕೈ ಎತ್ತಿದರು. ಕೊನೆಗೆ ಎತ್ತಿದವಳು ರೆಕಾರ್ಡರಿನ ಒಬ್ಬ ಹುಡುಗಿ. ಎಲ್ಲರೂ ಕೈ ಎತ್ತಿ ಎಷ್ಟೋ ಹೊತ್ತಾದ ಮೇಲೂ ಅವಳಿಗೆ ಕೇಳಿಸುತ್ತಿತ್ತು.

ತಂತಿ ವಾದ್ಯಕ್ಕೂ ಊದುವ ವಾದ್ಯಕ್ಕೂ ಇರುವ ವ್ಯತ್ಯಾಸ ಇಷ್ಟೇ. ತಂತಿಯಲ್ಲಿ ಸ್ವರ ಒಮ್ಮೆಲೇ ಎದ್ದು ಮೆಲ್ಲಗೆ ಕರಗುತ್ತದೆ. ಮುಂದಿನ ಸ್ವರ ಬಂದಾಗಲೂ ಹಿಂದಿನದು ಹಿನ್ನೆಲೆಯಲ್ಲಿ ಉಳಿದಿರುತ್ತದೆ. ಹಿತ್ತಾಳೆ ತಂತಿಯಾದರೆ ಇನ್ನೂ ಹೆಚ್ಚು ಹೊತ್ತು. ಊದುವುದರಲ್ಲಿ ಹಾಗಲ್ಲ, ಉಸಿರು ನಿಂತರೆ ಸ್ವರ ನಿಂತಿತು. ಮಕ್ಕಳಂತೂ ಊದುತ್ತಾ ಊದುತ್ತಾ ಸ್ವರವನ್ನು ದೊಡ್ಡದು ಮಾಡುತ್ತಾರೆ. ತಂತಿಗೆ ತಿರುಗಾಮುರುಗಾ.

ಹಾಗಾಗಿ ಎರಡು ಕೆಲಸ ಮಾಡಿದೆ. ಒಂದು, ಪ್ರತಿ ಸ್ವರವನ್ನೂ ದೇವಸ್ಥಾನದ ಗಂಟೆಯ ಹಾಗೆ ಊದಲು ಹೇಳಿದೆ. ನಾಲಿಗೆಯಿಂದ "ತ" ಎಂದು ಎಬ್ಬಿಸಿ, ಕೂಡಲೇ ಉಸಿರು ಸಣ್ಣ ಮಾಡಬೇಕು. ಇದಕ್ಕೆ ಮೂರು ವಾರ ಹಿಡಿಯಿತು. ಎರಡನೆಯದು ಬರವಣಿಗೆಯಲ್ಲಿ. ಕೆಳಗೆ ಪೇರಿಸಿದ್ದ ಸ್ವರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊಡೆದು ಹಾಕಿದೆ. ಆಧಾರದ ಎಳೆಗೆ ಸ, ಮ, ಪ, ಮತ್ತೆ ಅಲ್ಲೊಂದು ಇಲ್ಲೊಂದು ದ, ಅದೂ ಒಂದು ಆವರ್ತಕ್ಕೆ ಒಂದೇ ಸಲ. ಎರಡನೇ ಮತ್ತು ಮೂರನೇ ಎಳೆಯವರಿಗೆ ಹೊಸ ಸ್ವರ ಕೊಡುವ ಬದಲು, ಮಟ್ಟು ಬಿಟ್ಟುಹೋದ ಸ್ವರವನ್ನು ಹಿಡಿದುಕೊಳ್ಳುವ ಕೆಲಸ ಕೊಟ್ಟೆ. ಕೊಳಲು ಗಾಂಧಾರದಿಂದ ರಿಷಭಕ್ಕೆ ಇಳಿಯಿತು ಅನ್ನಿ. ಒಬ್ಬ ಕ್ಲಾರಿನೆಟ್ ಹುಡುಗ ಆ ಗಾಂಧಾರವನ್ನು ಇನ್ನೊಂದು ಎಣಿಕೆ ಮೆಲ್ಲಗೆ ಹಿಡಿದಿರುತ್ತಾನೆ. ಅಷ್ಟರಲ್ಲಿ ಸ್ಯಾಕ್ಸೊಫೋನ್ ರಿಷಭ ಹಿಡಿಯುತ್ತದೆ. ಪುಸ್ತಕದ ಪ್ರಕಾರ ಗ ಮತ್ತು ರಿ ಒಟ್ಟಿಗೆ ಬಂದರೆ ಗಡುಸು. ಆದರೆ ಹಾರ್ಪ್‌ನಲ್ಲಿ ಆಗುವುದೇ ಅದು. ಮೊದಲ ಸಲ ಅದು ಸರಿಯಾಗಿ ಬಂದಾಗ ಹಾಲ್‌ನ ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ಒಳಗೆ ಇಣುಕಿ ನೋಡಿದ. ಡ್ರಮ್ಮಿನವರಿಗೆ ಒಬ್ಬನಿಗೆ ಟ್ರಯಾಂಗಲ್, ಇನ್ನೊಬ್ಬನಿಗೆ ನಮ್ಮ ಭಜನೆಯ ತಾಳ ಕೊಟ್ಟೆ. ಅವರ ತಾಯಂದಿರು ಇಲ್ಲೇ ಕೂತಿದ್ದಾರೆ, ಕ್ಷಮಿಸಬೇಕು.

ಇಷ್ಟು ಆದ ಮೇಲೆ ನನಗೆ ಸ್ವಲ್ಪ ಹೆಮ್ಮೆ ಬಂದಿತ್ತು. ಆಗಲೇ ಆ ರೆಕಾರ್ಡರ್ ಹುಡುಗಿ, ತಂಬೂರಿ ಕೊನೆಯವರೆಗೆ ಕೇಳಿಸಿಕೊಂಡವಳು, ಕ್ಲಾಸು ಮುಗಿದ ಮೇಲೆ ಹಿಂದೆ ನಿಂತಳು. 12 ವರ್ಷ. ತಾಯಿ ಮನೆಯಲ್ಲಿ ಟಿಫಿನ್ ಮಾಡಿ ಕೊಡುತ್ತಾಳೆ, ಭಾನುವಾರ ಆರ್ಡರ್ ಜಾಸ್ತಿ. ಇವಳು ಬೆಳಿಗ್ಗೆ ಡಬ್ಬಿ ತುಂಬಿಸಿ ಓಡಿ ಬರುತ್ತಾಳೆ. ಅವಳು ಕೇಳಿದಳು: "ಟೀಚರ್, ನಾನು ಬಾರದಿದ್ದರೂ ಹಾಡು ಆಗುತ್ತದಲ್ಲಾ?"

ನಾನು ನಕ್ಕು, "ಯಾಕೆ ಹಾಗೆ ಕೇಳುತ್ತೀ ಮಗೂ?" ಅಂದೆ.

ಅವಳು ಹಾಳೆ ತೋರಿಸಿದಳು. ರೆಕಾರ್ಡರ್ ಹಾಳೆಯ ಮೇಲ್ಗಡೆ ನಾನೇ ಬರೆದಿದ್ದೆ, "ಆಪ್ಶನಲ್" ಎಂದು. ಅಚ್ಚಾದ ಫ್ಲೆಕ್ಸ್ ಹಾಳೆಗಳಲ್ಲಿ ಕೆಲವು ವಾದ್ಯಕ್ಕೆ ಹಾಗೆ ಬರೆದಿರುತ್ತಾರೆ, ಇದ್ದರೆ ಸರಿ, ಇಲ್ಲದಿದ್ದರೂ ಸರಿ ಎಂದು. ನಾನು ನೋಡಿ ಕಲಿತದ್ದು. ಅವಳು ಅದನ್ನು ಇಂಗ್ಲಿಷ್ ಡಿಕ್ಷನರಿಯಲ್ಲಿ ನೋಡಿದ್ದಳು. "ಮತ್ತೆ ಅಮ್ಮನಿಗೆ ಕೈ ಬೇಕು. ಇಲ್ಲಿ ನಾನು ಬೇಕು ಅಂತಿದ್ದರೆ ಬರುತ್ತೇನೆ" ಅಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ಲೆಕ್ಕ ಹಾಕಿ ಹೇಳಿದ್ದು.

ನನಗೆ ಉತ್ತರ ಹೊಳೆಯಲಿಲ್ಲ. "ಬೇಕು" ಅಂದೆ. ಅವಳು ತಲೆ ಅಲ್ಲಾಡಿಸಿ ಹೋದಳು, ನಂಬಲಿಲ್ಲ. ನಂಬುವುದು ಹೇಗೆ? ಅವಳ ಎಳೆಯನ್ನೇ ಕೊಳಲಿನವರು ಇನ್ನೂ ಗಟ್ಟಿಯಾಗಿ ನುಡಿಸುತ್ತಿದ್ದರು. ಅವಳು ಬಂದರೂ ಬಾರದಿದ್ದರೂ ಒಂದೇ ಎನ್ನುವ ಹಾಗೆ ನಾನೇ ಬರೆದಿದ್ದೆ. ಆ ಪದ್ಧತಿಯ ಗುಣವೇ ಅದು. ಯಾರು ಬಾರದಿದ್ದರೂ ಹಾಡು ನಿಲ್ಲುವುದಿಲ್ಲ, ಅದಕ್ಕೇ ನಾನು ಅದನ್ನು ಆರಿಸಿದ್ದು. ಮಕ್ಕಳ ಕಡೆಯಿಂದ ಅದು ಹೇಗೆ ಕಾಣುತ್ತದೆಂದು ಯೋಚಿಸಿರಲಿಲ್ಲ. ಹದಿನೈದು ಜನರ ಸಾರನ್ನು ಇಪ್ಪತ್ತು ಜನರಿಗೆ ಮಾಡಬಹುದು. ಆದರೆ ಮಕ್ಕಳು ಉಣ್ಣಲು ಬಂದವರಲ್ಲ, ಅಡುಗೆಗೆ ಬಂದವರು.

ಆ ವಾರವೆಲ್ಲ ಹಾಳೆ ಹರಡಿಕೊಂಡು ಕೂತೆ. ನಾಲ್ಕು ಎಳೆಗಳನ್ನು ಹಾಗೆಯೇ ಇಟ್ಟೆ, ಅದು ಬಿಟ್ಟರೆ ಬ್ಯಾಂಡ್ ನಡೆಯುವುದಿಲ್ಲ. ಪ್ರತಿ ವರ್ಷ ಜನವರಿ ಬಂತೆಂದರೆ ಹತ್ತನೆಯ ಕ್ಲಾಸಿನವರು ಪ್ರಿಲಿಮ್, ಬೋರ್ಡ್ ಪರೀಕ್ಷೆ ಎಂದು ಮಾಯವಾಗುತ್ತಾರೆ. ಮಳೆಗಾಲದಲ್ಲಿ ಮಿಲನ್ ಸಬ್‌ವೇ ತುಂಬಿದರೆ ಆಚೆ ಕಡೆಯವರು ಬರುವುದಿಲ್ಲ. ಆದರೆ ಆ ಎಳೆಗಳ ಮೇಲೆ 18 ಜಾಗಗಳನ್ನು ಆರಿಸಿದೆ. ಎರಡು ಆವರ್ತ, ಮೂರು ಆವರ್ತ, ಕೆಲವು ಕಡೆ ಒಂದೇ ಸ್ವರ. ಆ ಜಾಗದಲ್ಲಿ ಒಬ್ಬರೇ ನುಡಿಸಬೇಕು, ಉಳಿದವರು ಆಧಾರ ಮಾತ್ರ ಹಿಡಿಯಬೇಕು. ಹಾಳೆಯಲ್ಲಿ ಅಲ್ಲಿ ವಾದ್ಯದ ಹೆಸರಿಲ್ಲ, ಮಗುವಿನ ಹೆಸರಿದೆ. ಆ ಮಗು ಅವತ್ತು ಬಾರದಿದ್ದರೆ ಆ ಜಾಗವನ್ನು ಬೇರೆಯವರು ತುಂಬಿಸುವ ಹಾಗಿಲ್ಲ. ಆಧಾರ ನಡೆಯುತ್ತದೆ, ಮೇಲೆ ಖಾಲಿ. ಅದು ನಿಯಮ.

ಇದು ಸಂಗೀತಕ್ಕೆ ಒಳ್ಳೆಯದೋ ಅಲ್ಲವೋ ಎಂದು ನನ್ನ ಜೊತೆ ಕಲಿಸುತ್ತಿದ್ದ ಒಬ್ಬ ಗೋವೆಯ ಮಾಸ್ತರರನ್ನು ಕೇಳಿದೆ. ಅವರು ಹಳೆಯ ಬ್ಯಾಂಡಿನವರು, "ತೂತು ಬಿಟ್ಟು ಯಾರಾದರೂ ಬರೆಯುತ್ತಾರಾ ಬಾಯಿ?" ಎಂದು ಬೈದರು. ಅವರು ಹೇಳಿದ್ದು ತಪ್ಪಲ್ಲ. ಕೇಳುವವರ ಲೆಕ್ಕದಲ್ಲಿ ತೂತು ತೂತೇ. ನಾನು ಮಾತ್ರ ಬದಲಾಯಿಸಲಿಲ್ಲ.

ಆ ಹುಡುಗಿಗೆ ಕೊಟ್ಟದ್ದು ಮೊಟ್ಟಮೊದಲ ಸಾಲು. ಬ್ಯಾಂಡ್ ಶುರುವಾಗುವುದೇ ಅವಳೊಬ್ಬಳ ಪ್ಲಾಸ್ಟಿಕ್ ರೆಕಾರ್ಡರಿನಿಂದ. ಅವಳ ಹಾಳೆಯ ಮೇಲಿದ್ದ ಪದವನ್ನು ವೈಟ್ನರ್ ಹಾಕಿ ಅಳಿಸಿದೆ. ಮುಂದಿನ ಭಾನುವಾರ ಅವಳು ಅದನ್ನು ಬೆಳಕಿಗೆ ಹಿಡಿದು, ಅಳಿಸಿದ್ದರ ಕೆಳಗೆ ಏನಿತ್ತೆಂದು ಮತ್ತೆ ಓದಿದಳು. ಆಮೇಲೆ ರೆಕಾರ್ಡರ್ ಬಾಯಿಗಿಟ್ಟಳು.

ಈ ಮಧ್ಯೆ ಇನ್ನೊಂದು ಪ್ರಸಂಗವಾಯಿತು. ನವೆಂಬರಿನ ರಾಜ್ಯೋತ್ಸವಕ್ಕೆ ಇದನ್ನು ನುಡಿಸುವುದೆಂದಿತ್ತು. ಹಿರಿಯರೊಬ್ಬರು ಕೇಳಿದರು: "ಟೀಚರೇ, ಕನ್ನಡ ರಾಜ್ಯೋತ್ಸವಕ್ಕೆ ಐರ್ಲೆಂಡಿನ ಹಾಡು ಯಾಕಮ್ಮಾ? ನಮ್ಮಲ್ಲಿ ಹಾಡಿಗೆ ಬರಗಾಲವೇ?" ಪ್ರಶ್ನೆ ನ್ಯಾಯವಾದದ್ದೇ. ನಾನು ಅವರಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕೋಟೆಯ ಬ್ಯಾಂಡ್ ಕೇಳಿ, ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದರು. ಅವುಗಳಿಗೆ ನೋಟುಸ್ವರ ಎಂದು ಹೆಸರು. ನಾವು ಮಕ್ಕಳಿಗೆ ಕಲಿಸುವ "ವಂದೇ ಮೀನಾಕ್ಷಿ" ಇದೆಯಲ್ಲ, ಅದರ ಮಟ್ಟು "ರೇಕ್ಸ್ ಆಫ್ ಮ್ಯಾಲೋ". ಮ್ಯಾಲೋ ಐರ್ಲೆಂಡಿನ ಒಂದು ಊರು. ಎಷ್ಟು ಮನೆಯ ದೇವರ ಕೋಣೆಯಲ್ಲಿ ಐರಿಷ್ ಮಟ್ಟು ಈಗಾಗಲೇ ಇದೆಯೋ!

ಇನ್ನೊಂದು ನಮ್ಮ ಮಹಿಳೆಯರಿಗೆ ಸೇರಿದ್ದು. ಓ'ಕ್ಯಾರೊಲನ್‌ಗೆ ಕುದುರೆ ಕೊಟ್ಟ ಮೇರಿಯ ಮನೆ ಇದ್ದದ್ದು ರಾಸ್‌ಕಾಮನ್ ಎಂಬ ಜಿಲ್ಲೆಯಲ್ಲಿ. ಅದೇ ಜಿಲ್ಲೆಯ ಬಾಯ್ಲ್ ಎಂಬ ಊರಿನಲ್ಲಿ 1878ರಲ್ಲಿ ಮಾರ್ಗರೆಟ್ ಕಸಿನ್ಸ್ ಹುಟ್ಟಿದರು. ಸಂಗೀತದಲ್ಲಿ ಪದವಿ ಪಡೆದವರು, ಮಹಿಳೆಯರ ಮತದಾನದ ಹಕ್ಕಿಗಾಗಿ ಜೈಲಿಗೆ ಹೋದವರು. 1915ರಲ್ಲಿ ಭಾರತಕ್ಕೆ ಬಂದರು. 1919ರಲ್ಲಿ ಮದನಪಲ್ಲಿಯಲ್ಲಿ ರವೀಂದ್ರನಾಥ ಠಾಕೂರರು "ಜನಗಣಮನ" ಹಾಡಿದಾಗ ಅದನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದಿಟ್ಟವರು ಇವರು. ಅದೇ ಹೊತ್ತಿಗೆ, 1919-20ರಲ್ಲಿ, ನಮ್ಮ ಮಂಗಳೂರಿನ ನ್ಯಾಷನಲ್ ಗರ್ಲ್ಸ್ ಸ್ಕೂಲಿನ ಮೊದಲ ಮುಖ್ಯೋಪಾಧ್ಯಾಯಿನಿಯಾಗಿದ್ದರು. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಮದರಾಸು ಶಾಸನಸಭೆಯ ಚುನಾವಣೆಗೆ ನಿಲ್ಲಲು ಹುರಿದುಂಬಿಸಿದವರೂ ಇವರೇ. ಕಮಲಾದೇವಿ ಕೆಲವೇ ಮತಗಳಲ್ಲಿ ಸೋತರು. 1927ರಲ್ಲಿ ಪುಣೆಯಲ್ಲಿ ಸೇರಿದ ಮೊದಲ ಅಖಿಲ ಭಾರತ ಮಹಿಳಾ ಸಮ್ಮೇಳನದ ಹಿಂದೆಯೂ ಮಾರ್ಗರೆಟ್ ಇದ್ದರು. ನಾವಿಲ್ಲಿ ಮಹಿಳಾ ವೇದಿಕೆ ಎಂದು ಬೋರ್ಡ್ ಹಾಕಿ ಕೂತಿದ್ದೇವಲ್ಲ, ಅದರ ಹಿಂದಿನ ದಾರಿ ಹುಡುಕಿಕೊಂಡು ಹೋದರೆ ಆ ಐರಿಷ್ ಸಂಗೀತದ ಟೀಚರ್ ಸಿಗುತ್ತಾರೆ.

ಹಿರಿಯರು ಎಲ್ಲ ಕೇಳಿ, "ಸರಿ, ಆದರೆ ಒಂದು ಕನ್ನಡ ಹಾಡೂ ಇರಲಿ" ಅಂದರು. ಎರಡೂ ನುಡಿಸಿದೆವು. ಕನ್ನಡ ಹಾಡಿಗೆ ಚಪ್ಪಾಳೆ ಹೆಚ್ಚು ಬಿತ್ತು, ಅದರಲ್ಲಿ ಡ್ರಮ್ ಇತ್ತು.

ಇವತ್ತು 18 ಮಕ್ಕಳಿಲ್ಲ, 11 ಜನ ಬಂದಿದ್ದಾರೆ. ಟ್ರಂಬೋನ್ ಹುಡುಗ ಹತ್ತನೆಯ ಕ್ಲಾಸು, ಅವನ ಆಧಾರದ ಎಳೆಯನ್ನು ನಾನು ಹಾರ್ಮೋನಿಯಂನಲ್ಲಿ ಹಿಡಿಯುತ್ತೇನೆ. ಸ್ಯಾಕ್ಸೊಫೋನಿನವನಿಗೂ ಪ್ರಿಲಿಮ್. ಇಬ್ಬರಿಗೆ ಜ್ವರ, ಉಳಿದವರದ್ದು ಮದುವೆ, ಊರು ಇತ್ಯಾದಿ. ಹಾಗಾಗಿ ನಡುವೆ ಏಳು ಕಡೆ ಮೇಲಿನ ಸಾಲು ಖಾಲಿ ಕೇಳಿಸುತ್ತದೆ. ಮಕ್ಕಳು ಮರೆತರೆಂದು ತಿಳಿಯಬೇಡಿ, ದಯವಿಟ್ಟು ಅಲ್ಲಿ ಚಪ್ಪಾಳೆಯನ್ನೂ ತಟ್ಟಬೇಡಿ. ಎರಡನೆಯ ಭಾಗದಲ್ಲಿ ಬರುವ ದೊಡ್ಡ ಖಾಲಿ ಜಾಗ ಸ್ಯಾಕ್ಸೊಫೋನಿನವನದ್ದು, ಅವನ ಅಮ್ಮ ಮೂರನೇ ಸಾಲಿನಲ್ಲಿ ಕೂತಿದ್ದಾರೆ.

ರೆಕಾರ್ಡರ್ ಹುಡುಗಿ ಬಂದಿದ್ದಾಳೆ. ಇವತ್ತಿನ ಉಪಾಹಾರದ ಡಬ್ಬಿಗಳೂ ಅವರ ಮನೆಯಿಂದಲೇ ಬಂದದ್ದು, ಹಾಗಾಗಿ ಸ್ವಲ್ಪ ತಡವಾಯಿತು. ಹಿಂದೆ ಫ್ಯಾನ್ ಒಮ್ಮೆ ನಿಲ್ಲಿಸುತ್ತೀರಾ? ಅವಳ ಮೊದಲ ಸ್ವರ ಬಹಳ ಮೆಲ್ಲಗೆ ಬರುತ್ತದೆ.